ಬಾಣಂತಿ ಕೋಣೆಯ ನಗು

ಬಾಣಂತಿಯ ಕೈಗೆ ಪುಸ್ತಕ ಸಿಗಬಾರದು ಎಂದು ನಂಬಿದ್ದ ಮನೆಯಲ್ಲಿ ನಾನು ಬೆಳೆದೆ. ಅರಸೀಕೆರೆ ಕಡೆಯ ಗಂಡಸಿಯಿಂದ ಆಚೆ, ತೆಂಗಿನ ತೋಟಗಳ ನಡುವಿನ ಊರು. ಆಗಿನ್ನೂ ಎಲ್ಲರ ಕೈಗೂ ಮೊಬೈಲ್ ಬಂದಿರಲಿಲ್ಲ. ಬೇಸಿಗೆ ರಜೆ ಎಂದರೆ ಹುಣಸೆ ಬೀಜ, ಅಳಗುಳಿ ಮಣೆ, ಬೆಲ್ಲದ ಜೊತೆ ಕಚ್ಚಿ ತಿನ್ನುವ ಕೊಬ್ಬರಿ. ಐದನೇ ತರಗತಿ ಮುಗಿಸಿದ ವರ್ಷ ಮಾತ್ರ ನನಗೆ ಆಟ ತಪ್ಪಿತು. ಚಿಕ್ಕಮ್ಮನ ಕಾವಲಿಗೆ ನನ್ನನ್ನು ಕೂರಿಸಿದರು.

ಚಿಕ್ಕಮ್ಮ ಅಪ್ಪನ ತಮ್ಮನ ಹೆಂಡತಿ. ಅವಳ ಚೊಚ್ಚಲ ಮಗು ಹುಟ್ಟಿದ ಮೂರನೇ ದಿನ ತೀರಿಕೊಂಡಿತ್ತು. ಮಾದಿಹಳ್ಳಿಯ ತವರಿನಲ್ಲಿ ತಾಯಿ ಇಲ್ಲದ್ದರಿಂದ ಬಾಣಂತನ ನಮ್ಮಲ್ಲೇ ಆಯಿತು. ಮಗುವಿಲ್ಲದಿದ್ದರೂ ಅಜ್ಜಿ ಯಾವುದನ್ನೂ ಬಿಡಲಿಲ್ಲ. ಕಿವಿಗೆ ಹತ್ತಿ, ತಲೆಗೆ ಬಟ್ಟೆ, ಬೆಳ್ಳುಳ್ಳಿ ಮೆಣಸಿನ ಸಾರು, ಸಂಜೆ ಸಾಂಬ್ರಾಣಿ ಹೊಗೆ. ಮೇಲಿನ ಅಟ್ಟದಲ್ಲಿ ಕೊಬ್ಬರಿಗೆಂದು ಹಾಕಿದ ಕಾಯಿ ಒಣಗುತ್ತಿದ್ದವು. ಅದರ ಎಣ್ಣೆ ವಾಸನೆ, ಹೊಗೆ, ಮುಚ್ಚಿದ ಕಿಟಕಿ. ಚಿಕ್ಕಮ್ಮ ಗೋಡೆ ನೋಡುತ್ತ ಕೂತಿರುತ್ತಿದ್ದಳು. ಮಾತಿಲ್ಲ.

"ತೋಟದ ಬಾವಿ ಕಡೆ ಹೋಗದಂಗೆ ನೋಡ್ಕೊ ಕಣೇ," ಎಂದಿದ್ದಳು ಅಜ್ಜಿ.

ಬೇಸರ ತಡೆಯದೆ ಪಂಚಾಯಿತಿ ಗ್ರಂಥಾಲಯದಿಂದ ತಂದ ಕಥೆ ಪುಸ್ತಕವನ್ನು ಗಟ್ಟಿಯಾಗಿ ಓದಿಕೊಳ್ಳತೊಡಗಿದೆ. ಅವಳಿಗಾಗಿ ಅಲ್ಲ, ನನಗಾಗಿ. ನಾಲ್ಕನೇ ದಿನವೋ ಐದನೇ ದಿನವೋ, ಬಾಯಾರಿಕೆಯಾಗಿ ಅರ್ಧಕ್ಕೆ ನಿಲ್ಲಿಸಿ ಎದ್ದೆ.

"ಆಮೇಲೆ?" ಎಂದಳು ಚಿಕ್ಕಮ್ಮ.

ನಾನು ನೀರು ಕುಡಿಯದೆ ಕೂತು ಮುಂದಕ್ಕೆ ಓದಿದೆ. ಮರುದಿನ ಅವಳೇ, "ನೀನು ಓದೋವಾಗ ತುಂಬ ಓಡ್ತೀಯ, ಕೊಡಿಲ್ಲಿ," ಎಂದು ಪುಸ್ತಕ ಕಿತ್ತುಕೊಂಡಳು. ಅವಳು ಎಸ್ಸೆಸ್ಸೆಲ್ಸಿವರೆಗೆ ಓದಿದವಳು. ಬಾಗಿಲ ಸಂದಿಯಿಂದ ಬೀಳುವ ಬೆಳಕಿಗೆ ಪುಟ ತಿರುಗಿಸಿಕೊಂಡು ಓದುತ್ತಿದ್ದಳು. ಅಜ್ಜಿಯ ಹೆಜ್ಜೆ ಕೇಳಿದರೆ ಪುಸ್ತಕ ನನ್ನ ಲಂಗದ ಕೆಳಗೆ. ಬಾಣಂತಿ ಅಕ್ಷರ ನೋಡಿದರೆ ಕಣ್ಣಿನ ನರ ಸೋಲುತ್ತವೆ ಎಂದು ಅಜ್ಜಿ ಮೊದಲೇ ಎಚ್ಚರಿಸಿದ್ದಳು. ಎರಡನೇ ವಾರದಲ್ಲಿ ಚಿಕ್ಕಮ್ಮ ಊಟ ಕೇಳಿ ಹಾಕಿಸಿಕೊಂಡಳು. ಮೂರನೇ ವಾರ ನನಗೆ ಜಡೆ ಹಾಕುತ್ತ, "ನಿನ್ನ ತಲೇಲಿ ಹೇನಿಗೂ ಪಂಚಾಯಿತಿ ಐತೆ," ಎಂದಳು. ಇನ್ನು ಕಾವಲು ಬೇಕಿಲ್ಲ ಎನಿಸಿ ನಾನು ಆಗಾಗ ಆಟಕ್ಕೆ ಓಡಿಹೋಗತೊಡಗಿದೆ.

ಹಾಗೆ ಆಡಿ ಬಂದ ಒಂದು ಮಧ್ಯಾಹ್ನ ಅಜ್ಜಿ ಕೋಣೆಯ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ನನ್ನ ಪುಸ್ತಕ.

"ಒಬ್ಬಳೇ ಕೂತು ಕಣ್ಣಲ್ಲಿ ನೀರು ಬರಂಗೆ ನಗ್ತಾವಳೆ," ಎಂದಳು. ಬಾಣಂತಿ ಒಬ್ಬಳೇ ನಗುವುದು ಬುದ್ಧಿ ಕೆಟ್ಟ ಗುರುತು ಎಂದು ಅವಳ ಭಯ.

"ಕಥೆ ಅತ್ತೆ. ಎಮ್ಮೆಗೆ ಕನ್ನಡಕ ಹಾಕ್ಸಕ್ಕೆ ಹೋದೋನ ಕಥೆ. ನಗು ಬಂತು," ಎಂದಳು ಚಿಕ್ಕಮ್ಮ.

"ಎಮ್ಮೆಗೆ ಕನ್ನಡಕ," ಎಂದು ಅಜ್ಜಿ ಮೆಲ್ಲಗೆ ತನಗೇ ಹೇಳಿಕೊಂಡಳು. ಅವಳಿಗೆ ಓದು ಬಾರದು. ಪುಸ್ತಕವನ್ನು ನನ್ನತ್ತ ಚಾಚಿದಳು. "ನೀನು ಹೇಳೇ. ಇದ್ರಲ್ಲಿ ಅಂಥದ್ದೇನಾದ್ರೂ ಐತಾ? ಬಾಣಂತಿಗೆ ಇದನ್ನ ಕೊಟ್ಟೋರ್ಯಾರು?"

ಎರಡು ಪ್ರಶ್ನೆಗಳಲ್ಲಿ ನನಗೆ ಕೇಳಿಸಿದ್ದು ಎರಡನೆಯದು ಮಾತ್ರ.

"ಅದು ನನ್ನ ಪಾಠದ ಪುಸ್ತಕ ಅಜ್ಜಿ," ಎಂದೆ. "ನಾನು ಕೊಡ್ಲಿಲ್ಲ. ನಗೋಂಥದ್ದು ಅದ್ರಲ್ಲಿ ಏನೂ ಇಲ್ಲ."

ಚಿಕ್ಕಮ್ಮ ನನ್ನನ್ನು ನೋಡಿದಳು.

ಸಂಜೆಯ ಹೊತ್ತಿಗೆ ಬಾಣಂತಿ ಸನ್ನಿ ಎಂಬ ಮಾತು ಮನೆಯೆಲ್ಲ ಓಡಾಡಿತು. ತಾಯತ ಬಂತು, ಹೊಗೆ ಹೆಚ್ಚಿತು, ಕೋಣೆಗೆ ಹೊರಗಿನಿಂದ ಚಿಲಕ ಬಿತ್ತು. ಚಿಕ್ಕಮ್ಮ ಮತ್ತೆ ಗೋಡೆಗೆ ತಿರುಗಿದಳು. ಹದಿನೈದು ದಿನಕ್ಕೆ ಅವಳ ಅಣ್ಣ ಬಂದು ಬಸ್ಸಿನಲ್ಲಿ ಕರೆದುಕೊಂಡು ಹೋದ. "ಸರಿಹೋದ್ಮೇಲೆ ಕರೆಸ್ಕತೀವಿ," ಎಂದರು ನಮ್ಮವರು. ಕರೆಸಿಕೊಳ್ಳಲಿಲ್ಲ. ಎರಡು ವರ್ಷಕ್ಕೆ ಚಿಕ್ಕಪ್ಪನಿಗೆ ಇನ್ನೊಂದು ಮದುವೆಯಾಯಿತು. ಹೊಸ ಲಂಗ ಹಾಕಿಕೊಂಡು ಹೋಳಿಗೆ ತಿಂದವರಲ್ಲಿ ನಾನೂ ಒಬ್ಬಳು.

ಈಗ ನಾನು ಅರಸೀಕೆರೆಯ ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಕಳೆದ ತಿಂಗಳು ಮನೋವೈದ್ಯರೊಬ್ಬರು ಬಂದು, ಪುಸ್ತಕ ಓದುವುದರಿಂದ ಮನಸ್ಸಿಗೆ ಆಸರೆ ಸಿಗುತ್ತದೆ, ಒಂಟಿತನ ತಗ್ಗುತ್ತದೆ ಎಂದು ವಿದ್ಯಾರ್ಥಿಗಳಿಗೆ ಹೇಳಿದರು. ಎಲ್ಲರೊಂದಿಗೆ ನಾನೂ ಚಪ್ಪಾಳೆ ತಟ್ಟಿದೆ. ಆ ಭಾನುವಾರ ನಾಲ್ಕು ಪುಸ್ತಕ ಕಟ್ಟಿಕೊಂಡು, ಹಳೇಬೀಡಿನಲ್ಲಿ ಬಸ್ಸು ಬದಲಿಸಿ, ಮಾದಿಹಳ್ಳಿಗೆ ಹೋದೆ.

ಚಿಕ್ಕಮ್ಮ ಅಣ್ಣನ ಮನೆಯ ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿದ್ದಳು. ಗುರುತು ಹಿಡಿದಳು, ಕಾಫಿ ಕೊಟ್ಟಳು. ಪುಸ್ತಕಗಳ ಮೇಲೆ ಕೈಯಾಡಿಸಿ ಪಕ್ಕಕ್ಕಿಟ್ಟಳು.

"ಮಕ್ಕಳು ಓದ್ಕತಾರೆ ಬಿಡು. ನನಗೆ ಎರಡು ಸಾಲಿಗೆ ಮನಸ್ಸು ಎಲ್ಲಿಗೋ ಹೋಯ್ತದೆ."

"ಅವತ್ತು ನಾನು ಸುಳ್ಳು ಹೇಳ್ದೆ ಚಿಕ್ಕಮ್ಮ."

"ಗೊತ್ತು ಕಣವ್ವ. ಹತ್ತು ವರ್ಷದ ಹುಡುಗಿ, ಹೆದ್ರಿಕೊಂಡೆ." ಇಷ್ಟು ಸಲೀಸಾಗಿ ಮುಗಿಯಿತಲ್ಲ ಎಂದು ನಾನು ಉಸಿರುಬಿಟ್ಟೆ. ಅವಳು ಹಾಲಿನ ಕ್ಯಾನಿನ ಮುಚ್ಚಳ ಬಿಗಿ ಮಾಡುತ್ತಿದ್ದಳು. "ಅವರ ಎರಡನೇ ಮದುವೆ ಹೊತ್ತಿಗೆ ಹನ್ನೆರಡಾಗಿತ್ತಲ್ಲ ನಿನಗೆ. ಆಗ್ಲೂ ಹೆದ್ರಿಕೆನಾ?"

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಡೇರಿಗೆ ಹೊತ್ತಾಯಿತೆಂದು ಕ್ಯಾನು ಎತ್ತಿಕೊಂಡು ಹೊರಟಳು.

ಆ ರಜೆಯಲ್ಲಿ ಒಬ್ಬ ಹೆಂಗಸು ಮೂರು ವಾರ ಚೇತರಿಸಿಕೊಂಡಿದ್ದಳು. ಅದು ಓದಿನಿಂದಲೇ ಎಂದು ಕಣ್ಣಾರೆ ಕಂಡವಳು ನಾನೊಬ್ಬಳೇ. ವೈದ್ಯರು ಅಂದು ಸಭೆಯಲ್ಲಿ ಹೇಳಿದ ಯಾವುದೂ ನನಗೆ ಹೊಸದಾಗಿರಲಿಲ್ಲ.