ಬದನೆಕಾಯಿ, ದೊಡ್ಡವ್ವನ ಕುತ್ತಿಗೆ ಮತ್ತು ನನ್ನ ಇಕ್ಕಳ

ಅಡುಗೆಮನೆಯಲ್ಲಿ ಎಣ್ಣೆಗಾಯಿ ಕುದಿಯುತ್ತಿದೆ. ಶೇಂಗಾ, ಎಳ್ಳು, ಗುರೆಳ್ಳು ಹುರಿದ ಘಮಲು ಪಡಸಾಲೆಗೆ ಬಂದದ್ದೇ ತಡ, ನನ್ನ ಕೈ ತಾನಾಗಿ ನನ್ನ ಕುತ್ತಿಗೆಗೆ ಹೋಯಿತು. ಅದೇ ಹೊತ್ತಿಗೆ ಮೇಜಿನ ಮೇಲೆ ಫೋನು ಬಡಿದುಕೊಳ್ಳತೊಡಗಿದೆ. ಚಿಂತಾಕಿಯ ದೊಡ್ಡವ್ವ. ಬಡಿದುಕೊಳ್ಳಲಿ, ಎತ್ತುವವರೆಗೆ ಅವಳು ಬಿಡುವವಳಲ್ಲ. ಅಷ್ಟರಲ್ಲಿ ಬದನೆಕಾಯಿಗೂ ಕುತ್ತಿಗೆಗೂ ಏನು ಸಂಬಂಧವೆಂದು ನಿಮಗೆ ಹೇಳಿಬಿಡುತ್ತೇನೆ.

ದೊಡ್ಡವ್ವ ನನ್ನ ತಾಯಿಯ ಅಕ್ಕ. ಮೊದಲು ಅವಳ ದನಿಯ ಬಗ್ಗೆ ಹೇಳಬೇಕು. ಊರ ಬುದ್ಧ ವಿಹಾರದಲ್ಲಿ ವಂದನೆ ಹೇಳಿಸುವವಳು ಅವಳೇ. ಮೈಕು ತಂದವರು ಅವಳು ಬಾಯಿ ತೆರೆದ ಮೇಲೆ ಅದನ್ನು ಸುಮ್ಮನೆ ಚೀಲಕ್ಕೆ ಹಾಕಿಕೊಳ್ಳುತ್ತಾರೆ. ಔರಾದಿಗೆ ಹೊರಟ ಬಸ್ಸನ್ನು ಮನೆಯೊಳಗಿಂದಲೇ ಕೂಗಿ ನಿಲ್ಲಿಸಿ, ಆಮೇಲೆ ನಿಧಾನವಾಗಿ ಸೀರೆ ಬದಲಿಸಿ ಹೋಗಿ ಹತ್ತಿದವಳು. ಅವಳ ಫೋನು ಬಂದರೆ ನಾನು ತೋಳುದ್ದ ದೂರ ಹಿಡಿದು ಮಾತಾಡುತ್ತಿದ್ದೆ. ಹೀಗಾಗಿ ನಮ್ಮ ಬೀಗರ ಜಗಳಗಳೆಲ್ಲ ಪಕ್ಕದ ಮನೆಯವರಿಗೆ ನಮಗಿಂತ ಚೆನ್ನಾಗಿ ಗೊತ್ತು.

ನಾನು ಭಾಲ್ಕಿಯ ಕಾಲೇಜೊಂದರಲ್ಲಿ ಮೆಕ್ಯಾನಿಕಲ್ ಕಲಿಸುವ ಮಾಸ್ತರ, ಮನೆ ಬೀದರಿನಲ್ಲಿ. ಬೆಳಗಿನ ವಾಕಿಂಗಿನಲ್ಲಿ ಪರಿಚಯವಾದ ಬೆನ್ನುಮೂಳೆಯ ಡಾಕ್ಟರೊಬ್ಬರು ಒಂದು ದಿನ ಎರಡು ಅಲಗಿನ ಉಕ್ಕಿನ ಸಾಧನವೊಂದನ್ನು ನನ್ನ ಕೈಗಿಟ್ಟರು. ಆಪರೇಷನ್ನಿನಲ್ಲಿ ಕುತ್ತಿಗೆಯ ಮೂಳೆ ಮುಟ್ಟಲು ಎಷ್ಟೋ ಸಲ ಮುಂದಿನಿಂದ ಹೋಗಬೇಕಂತೆ. ಅನ್ನನಾಳ, ಶ್ವಾಸನಾಳಗಳನ್ನು ಪಕ್ಕಕ್ಕೆ ಸರಿಸಿ ಹಿಡಿಯಲು ಈ ಸಾಧನ. ಹೆಚ್ಚು ಜಗ್ಗಿದರೆ ದನಿಯ ನರಕ್ಕೆ ಪೆಟ್ಟು.

"ಕುತಗಿ ಎಲ್ಲಾರದೂ ಒಂದೇ ನಮೂನಿ ಇರಂಗಿಲ್ರಿ ಸರ್," ಎಂದರು. "ಒಬ್ಬರದು ಗಿಡ್ಡ, ಒಬ್ಬರದು ಉದ್ದ. ಇದು ನೋಡಿದ್ರ ಎಲ್ಲಾರಿಗೂ ಒಂದೇ ಅಳತಿ. ಬೇಕಾದಂಗ ಹೆಚ್ಚು ಕಡಿಮಿ ಮಾಡ್ಲಿಕ್ಕ ಬರೋದು ಒಂದು ಮಾಡ್ರಿ."

ಅಂದಿನಿಂದ ನನಗೆ ಕುತ್ತಿಗೆಯ ಹುಚ್ಚು ಹಿಡಿಯಿತು. ರೈಲಿನಲ್ಲಿ, ಸ್ಟಾಫ್ ರೂಮಿನಲ್ಲಿ, ಎಲ್ಲಿ ಹೋದರೂ ಜನರ ಕುತ್ತಿಗೆಯನ್ನೇ ನೋಡುವುದು. ಖಟಕ ಚಿಂಚೋಳಿಯ ಮದುವೆಯೊಂದರಲ್ಲಿ ಮದುಮಗನನ್ನು ನಾನು ದಿಟ್ಟಿಸಿದ ರೀತಿ ಕಂಡು ಹೆಣ್ಣಿನ ಕಡೆಯವರು ನನ್ನ ಹೆಂಡತಿಯನ್ನು ಪಕ್ಕಕ್ಕೆ ಕರೆದು, ಹುಡುಗನಿಗೇನಾದರೂ ರೋಗವಿದೆಯೇ ಎಂದು ಕೇಳಿದರಂತೆ.

ಕೊನೆಗೂ ಮೊದಲ ಮಾದರಿ ತಯಾರಾಯಿತು. ಅಲಗಿನ ಉದ್ದ ಬದಲಿಸಬಹುದು, ಓರೆ ಬದಲಿಸಬಹುದು. ಹಲ್ಲುಪಟ್ಟಿಯ ಮೇಲೆ ಟಕ್, ಟಕ್ ಎಂದು ಅಗಲವಾಗುತ್ತದೆ. ಹೆಮ್ಮೆಯಿಂದ ಮನೆಗೆ ತಂದಿಟ್ಟೆ. ಬೆಳಗಾಗುವಷ್ಟರಲ್ಲಿ ಮಾಯ! ಹುಡುಕುತ್ತ ಅಡುಗೆಮನೆಗೆ ಹೋದರೆ, ಊರಿಂದ ಬಂದಿದ್ದ ದೊಡ್ಡವ್ವ ಸೀಳಿದ ಬದನೆಕಾಯಿಯ ಬಾಯನ್ನು ನನ್ನ ಸಾಧನದಿಂದ ಅಗಲಿಸಿಟ್ಟು ಆರಾಮವಾಗಿ ಮಸಾಲೆ ತುಂಬುತ್ತಿದ್ದಾಳೆ.

"ಭಾಳ ಛಲೋ ಇಕ್ಕಳ ತಂದೀಯಪಾ," ಎಂದಳು. "ಆದ್ರ ಈ ಬದ್ನಿಕಾಯಿನೇ ಹಾಳು. ತುಂಬೂದ್ರಾಗ ಹರೀತಾವ. ಆ ಗಾಡಿಯವ ಹಳೇ ಮಾಲು ಕೊಟ್ಟಾನ."

ಮರುದಿನ ತರಕಾರಿ ಗಾಡಿಯ ರಶೀದ್‌ಭಾಯಿಗೆ ಮಹಡಿಯ ಕಿಟಕಿಯಿಂದಲೇ ವಿಚಾರಣೆ ಆಯಿತು. "ಖುದಾ ಕಸಮ್ ಅಮ್ಮಾ, ಅವು ಅವತ್ತೇ ತೋಟದಿಂದ ತಂದವ್ರಿ!" ಎಂದು ಅವನು ಕೆಳಗಿನಿಂದ ಗೋಗರೆಯುತ್ತಿದ್ದ. ನಾನು ಒಳಗೆ ಕೂತು, ಹಿಂದಿನ ದಿನ ಎತ್ತಿಟ್ಟಿದ್ದ ಹರಿದ ಕಾಯಿಗಳನ್ನು ನೋಡಿದೆ. ಎಲ್ಲವೂ ಒಂದೇ ಜಾಗದಲ್ಲಿ ಹರಿದಿದ್ದವು. ತಪ್ಪು ಗಾಡಿಯದಲ್ಲ, ನನ್ನದು. ಒಂದು ಟಕ್ಕಿಗೂ ಇನ್ನೊಂದು ಟಕ್ಕಿಗೂ ನಡುವೆ ನಿಲ್ಲಲು ಜಾಗವೇ ಇರಲಿಲ್ಲ. ಹಲ್ಲುಪಟ್ಟಿ ತೆಗೆದು ತಿರುಪು ಹಾಕಿದೆ, ಕೂದಲೆಳೆಯಷ್ಟು ಅಗಲಿಸಲೂ ಸಡಿಲಿಸಲೂ ಬರುವಂತೆ. ಪರೀಕ್ಷೆಯೆಲ್ಲ ಬದನೆಕಾಯಿಯ ಮೇಲೆಯೇ; ಅದು ಸರಿಹೋಗುವವರೆಗೆ ನಮ್ಮ ಮನೆಯಲ್ಲಿ ಎಣ್ಣೆಗಾಯಿ ಬಿಟ್ಟು ಬೇರೆ ಪಲ್ಯ ಕಾಣಲಿಲ್ಲ. ರಶೀದ್‌ಭಾಯಿಯ ಪರವಾಗಿ ಎರಡು ಮಾತು ಆಡುವ ಧೈರ್ಯವಂತೂ ನನಗೆ ಬರಲಿಲ್ಲ. ದೊಡ್ಡವ್ವನ ಎದುರು ಯಾರಿಗೆ ತಾನೆ ಬರುತ್ತದೆ?

ಕಂಪನಿ, ಪರೀಕ್ಷೆ, ಅನುಮತಿ ಎಂದು ವರ್ಷಗಳು ಹೋದವು. ಸಾಧನ ಕೊನೆಗೆ ಆಸ್ಪತ್ರೆಗೆ ಬಂತು. ಅದರ ಹಿಂದೆಯೇ ದೊಡ್ಡವ್ವನೂ ಬಂದಳು. ಅವಳ ಬೆರಳಿಗೆ ಜೋಮು ಹಿಡಿದು, ರೊಟ್ಟಿ ಬಡಿಯುವುದೂ ಆಗುತ್ತಿರಲಿಲ್ಲ. ಕುತ್ತಿಗೆಯಲ್ಲಿ ನರ ಒತ್ತಿಕೊಂಡಿದೆ, ಆಪರೇಷನ್ ಆಗಬೇಕು, ಅದೂ ಮುಂದಿನಿಂದ, ಎಂದರು ನಮ್ಮ ಡಾಕ್ಟರು. ಕೈಯ ಬಗ್ಗೆ ಅವಳು ಕೇಳಲೇ ಇಲ್ಲ.

"ಜೈ ಭೀಮ್ ಡಾಕ್ಟರ್ರೀ. ನನ್ನ ಆವಾಜ್ ಉಳೀತದೇನ್ರಿ? ವಂದನಾ ಹೇಳಸಬೇಕು ನಾ."

"ಉಳೀತದ್ರೀ ಅವ್ವಾರ. ಸ್ವಲ್ಪ ದಿನ ಕೂತಂಗ ಆಗಬಹುದು. ನಿಮ್ಮ ಮಗ ಮಾಡಿದ ಸಾಧನಾನೇ ಹಾಕ್ತೇನಿ."

ದೊಡ್ಡವ್ವ ನನ್ನತ್ತ ತಿರುಗಿದಳು. "ಅದೇ ಬದ್ನಿಕಾಯಿ ಇಕ್ಕಳ ಏನೋ?"

ಹೊರಗೆ ಕಾಯುತ್ತಿದ್ದ ರೋಗಿಗಳೆಲ್ಲ ಬಾಗಿಲಲ್ಲಿ ಇಣುಕಿದರು.

ಆಪರೇಷನ್ ನಡೆಯುವಾಗ ನಾನು ಹೊರಗೆ ಬೆಂಚಿನ ಮೇಲಿದ್ದೆ. ಆ ಸಾಧನದ ಒಂದೊಂದು ತಿರುಪನ್ನೂ ಬಲ್ಲವನು ನಾನು; ಆದರೂ ಕಣ್ಣ ಮುಂದೆ ಬಂದದ್ದು ಹರಿದ ಬದನೆಕಾಯಿಗಳೇ. ಬದುಕಿನಲ್ಲಿ ಅಷ್ಟು ಹೆದರಿದ್ದು ನೆನಪಿಲ್ಲ.

ಎಚ್ಚರವಾದಾಗ ಬೆರಳುಗಳು ಚೆನ್ನಾಗಿ ಆಡಿದವು. ದನಿ ಮಾತ್ರ ಇರಲಿಲ್ಲ, ಬರೀ ಉಸಿರು. "ಬರ್ತದ್ರಿ, ಕಾಯ್ರಿ," ಎಂದರು ಡಾಕ್ಟರು. ನಮ್ಮ ಮನೆಗೆ ಕರೆತಂದೆವು. ತಟ್ಟೆಗೆ ಚಮಚ ಬಡಿದು ಕರೆಯುವುದು ಅವಳ ಹೊಸ ಭಾಷೆಯಾಯಿತು. ಒಮ್ಮೆ ಬಡಿದರೆ ನೀರು, ಎರಡು ಸಲ ಬಡಿದರೆ ಚಹಾ, ಬಿಡದೆ ಬಡಿದರೆ ನಾನು. ಪಕ್ಕದ ಮನೆಯವರು ಬಂದು, "ಯಾಕ್ರಿ, ದೊಡ್ಡವ್ವಾರು ಊರಿಗೆ ಹೋದ್ರೇನ್ರಿ?" ಎಂದು ಮೆಲ್ಲಗೆ ವಿಚಾರಿಸಿದರು. ಇಷ್ಟು ವರ್ಷ ನಾನು ಬಯಸಿದ್ದ ಶಾಂತಿ ಮನೆಯಲ್ಲಿ ತುಂಬಿತ್ತು. ನನಗೆ ಊಟ ಸೇರುತ್ತಿರಲಿಲ್ಲ.

ಒಂದು ಬೆಳಿಗ್ಗೆ ಕೆಳಗೆ ಗಾಡಿಯ ಸದ್ದಾಯಿತು. ದೊಡ್ಡವ್ವ ಎದ್ದು ಕಿಟಕಿಗೆ ಹೋದಳು. ಮೊದಲು ಎಣ್ಣೆ ಕಾಣದ ಬಾಗಿಲಿನ ಹಾಗೆ ಒಂದು ಕಿರ್ರ್ ಸದ್ದು. ಆಮೇಲೆ:

"ಏ ರಶೀದಾ! ಇವತ್ತರ ಛಲೋ ಬದ್ನಿಕಾಯಿ ತಂದೀಯೋ ಇಲ್ಲೋ?"

ರಶೀದ್‌ಭಾಯಿ ಬೆಚ್ಚಿಬಿದ್ದು ಗಾಡಿ ನಿಲ್ಲಿಸಿದ. ತಲೆಯೆತ್ತಿ ನೋಡಿದ. "ಆವಾಜ್ ಬಂತಲ್ರೀ ಅಮ್ಮಾ! ಅಲ್ಲಾ ಕಾ ಶುಕ್ರ್!" ಎಂದು ಅವನೂ ಕೂಗಿದ. ನಾನು ಬಚ್ಚಲಿಗೆ ಹೋಗಿ, ನಲ್ಲಿ ಜೋರಾಗಿ ಬಿಟ್ಟು, ಅತ್ತುಬಿಟ್ಟೆ.

ಫೋನು ಇನ್ನೂ ಬಡಿದುಕೊಳ್ಳುತ್ತಲೇ ಇದೆ. ಎತ್ತಿದೆ. ನಾಳೆ ವಿಹಾರದಲ್ಲಿ ವಂದನೆಯಂತೆ, ಅವಳೇ ಹೇಳಿಸುತ್ತಾಳಂತೆ, ನಾವು ಬರಲೇಬೇಕಂತೆ. ಅಡುಗೆಮನೆಯಿಂದ ನನ್ನ ಹೆಂಡತಿ, "ಬರ್ತೇವ್ರಿ!" ಎಂದು ಅಲ್ಲಿಂದಲೇ ಉತ್ತರ ಕೊಟ್ಟಳು. ನನ್ನ ಕಿವಿ ಗುಂಯ್ ಎನ್ನುತ್ತಿತ್ತು. ಫೋನನ್ನು ಇನ್ನಷ್ಟು ಕಿವಿಗೆ ಒತ್ತಿ ಹಿಡಿದೆ.

"ಜರಾ ಜೋರಾಗಿ ಅನ್ನು ದೊಡ್ಡವ್ವಾ," ಎಂದೆ. "ಕೇಳ್ಸವಲ್ದು."