ಇಸ್ತ್ರಿ ಮಾಡಿದ ಹತ್ತು ಜೆರ್ಸಿಗಳು

ದುಬೈಯಲ್ಲಿ ನಾನು ಲೆಕ್ಕಪತ್ರ ನೋಡುತ್ತಿದ್ದ ಕಾಲೇಜಿನಲ್ಲಿ ಹುಡುಗಿಯರ ವಾಲಿಬಾಲ್ ತಂಡವನ್ನು ಮುಚ್ಚಿದ ಮರುದಿನ, ತಂಡದ ನಾಯಕಿ ರೆನಿಟಾ ಹತ್ತು ಜೆರ್ಸಿಗಳನ್ನು ಒಗೆದು, ಇಸ್ತ್ರಿ ಮಾಡಿ ನನ್ನ ಮೇಜಿನ ಮೇಲೆ ತಂದಿಟ್ಟಳು. ಮಂಗಳೂರು ಕಡೆಯ ಹುಡುಗಿ.

“ಇದು ಕಾಲೇಜಿನದ್ದಲ್ವಾ ಆಂಟಿ, ರಿಟರ್ನ್ ಮಾಡ್ಲಿಕ್ಕೆ ಬಂದೆ. ಮತ್ತೆ, ಥ್ಯಾಂಕ್ಸ್. ನಮ್ಮ ಬಸ್ಸಿನ ಬಿಲ್ ನೀವು ಒಮ್ಮೆಯೂ ಲೇಟ್ ಮಾಡ್ಲಿಲ್ಲ,” ಎಂದಳು.

ನನಗೆ ತಲೆ ಎತ್ತಲಾಗಲಿಲ್ಲ. ಕ್ರೀಡೆಯ ಖರ್ಚು ಇಳಿಸಬೇಕೆಂದು ಮೇಲಿನವರು ಕೇಳಿದಾಗ, ಪ್ರಾಯೋಜಕರಿಲ್ಲದ ಈ ತಂಡವನ್ನು ಕೈಬಿಡಬಹುದೆಂದು ಬರೆದುಕೊಟ್ಟವಳು ನಾನೇ. ಸುಮ್ಮನಿರಲಾಗದೆ ಅದನ್ನು ಹೇಳಿಬಿಟ್ಟೆ.

“ಗೊತ್ತುಂಟು ಆಂಟಿ. ಕೋಚ್ ಲೆಟರ್ ತೋರಿಸಿದ್ರು, ನಿಮ್ಮ ಸೈನ್ ಇತ್ತು.” ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. “ಶುಕ್ರವಾರ ಅಬುಧಾಬಿಯಲ್ಲಿ ಒಂದು ಮ್ಯಾಚ್ ಮೊದಲೇ ಒಪ್ಪಿದ್ದೆವು. ಟೀಶರ್ಟ್ ಹಾಕಿ ಆಡ್ತೇವೆ. ಹೋಗ್ಲಿಕ್ಕೆ ಕಾರು ಹುಡುಕ್ತಾ ಇದ್ದೇವೆ.”

ಜೆರ್ಸಿಗಳನ್ನು ಅವಳ ಕಡೆಗೇ ಸರಿಸಿ, “ಸೋಮವಾರ ಕೊಟ್ಟರೆ ಸಾಕು. ನನ್ನ ಕಾರಲ್ಲಿ ನಾಲ್ಕು ಜನ ಬನ್ನಿ,” ಎಂದೆ.

ಶುಕ್ರವಾರ ಅಬುಧಾಬಿಯ ಖಲೀಫಾ ಸಿಟಿಯ ಶಾಲೆಯೊಂದರ ಅಂಗಳದಲ್ಲಿ ಹುಡುಗಿಯರು ಕೊನೆಯ ಸೆಟ್‌ನಲ್ಲಿ ಸೋತರು. ನೆಟ್ಟಿನ ಬಳಿ ಬಿದ್ದು ಮೊಣಕಾಲು ತರಚಿಕೊಂಡ ರೆನಿಟಾ ನಗುತ್ತಲೇ ಎದ್ದು ಆಡಿದಳು. ಕೂಗಿ ಕೂಗಿ ನನ್ನ ಗಂಟಲು ಕಟ್ಟಿತ್ತು.

ತಂಡ ಮತ್ತೆ ಶುರುವಾಗಲಿಲ್ಲ. ಅವರ ಆಟವನ್ನು ನಾನು ನೋಡಿದ್ದು ಅದೊಂದೇ ದಿನ. ಈಗ ಯಾವುದನ್ನಾದರೂ ನಿಲ್ಲಿಸಬಹುದೆಂದು ಬರೆಯುವ ಮೊದಲು, ಒಮ್ಮೆ ಅದು ನಡೆಯುವಲ್ಲಿಗೇ ಹೋಗಿ ನೋಡಿ ಬರುತ್ತೇನೆ.