ಇಲಿ ಮೇಷ್ಟ್ರ ಸಿಟ್ಟು

ಎ ವಿಟಮಿನ್ ಕಮ್ಮಿಯಾದ ಇಲಿಗೆ ಮಬ್ಬುಗತ್ತಲಲ್ಲಿ ಕಣ್ಣು ಎಷ್ಟು ಮಂಜಾಗುತ್ತದೆ ಅಂತ ನೋಡುವುದೇ ಮೂವತ್ತು ವರ್ಷದ ಕಸುಬಾದ್ದರಿಂದ, ಪ್ರಯೋಗಾಲಯದಲ್ಲಿ ಅವರು ಎಲ್ಲರಿಗೂ ಇಲಿ ಮೇಷ್ಟ್ರು. ಇಲಿಗಳ ಮೇವನ್ನು ಗುಲಗಂಜಿಯಷ್ಟೂ ಹೆಚ್ಚುಕಮ್ಮಿಯಾಗದಂತೆ ತೂಗಿ, ತಮ್ಮ ಊಟದ ಡಬ್ಬಿಯನ್ನು ಮುಚ್ಚಿದ ಹಾಗೇ ಮನೆಗೆ ಒಯ್ಯುತ್ತಾರೆ. ಮನೆಯಲ್ಲಿ ಸೊಪ್ಪು ಬಡಿಸಿದರೆ "ಎಷ್ಟು ನಿಮಿಷ ಬೇಯಿಸಿದೆ?" ಅಂತ ವಿಚಾರಣೆ. "ನಿಮ್ಮ ಇಲಿಗಳೇ ವಾಸಿ, ಹಾಕಿದ್ದನ್ನ ಬಾಯಿ ಮುಚ್ಕೊಂಡು ತಿಂತವೆ," ಅನ್ನುತ್ತಾಳೆ ಹೆಂಡತಿ. ಇಲಿ ಬೆರಳು ಕಚ್ಚಿದರೂ "ಪಾಪ, ಹಸಿವು" ಅನ್ನುವ ಈ ಪುಣ್ಯಾತ್ಮರಿಗೆ, ಯಾರಾದರೂ ಎಡವಿದವರನ್ನು "ಕಣ್ಣು ಕಾಣಲ್ವಾ?" ಅಂತ ಗದರಿದರೆ ಮಾತ್ರ ಸಿಟ್ಟು ನೆತ್ತಿಗೇರುತ್ತದೆ. ಚಿಕ್ಕಂದಿನಲ್ಲಿ, ಮುಸ್ಸಂಜೆಯಾದರೆ ತುಂಬಿದ ಕೊಡ ಹಿಡಿದು ಹೊಸ್ತಿಲು ಎಡವುತ್ತಿದ್ದ ಅಕ್ಕನನ್ನು ಅವರೂ ದಿನಾ ಹಾಗೇ ಗದರುತ್ತಿದ್ದರು. "ಇಲ್ಲ ಕಣೋ, ಕಾಣಲ್ಲ," ಅನ್ನುತ್ತಿದ್ದಳು ಅಕ್ಕ, ಮನೆಮಂದಿಯೆಲ್ಲ ನಗುತ್ತಿದ್ದರು.